ದಿನನಿತ್ಯದ ಬರಹ ನಿಂತುಹೋದಾಗ: ದೋಷ ಎಲ್ಲಿದೆ, ಸರಿಪಡಿಸುವುದು ಹೇಗೆ

"ಬರೆಯೋ ಮನಸ್ಸೇ ಬರ್ತಿಲ್ಲ" ಎಂಬುದು ದೂರು, ದೋಷವಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದ ಹಾಗೆ ಅದು. ತೊಟ್ಟಿ ಖಾಲಿಯಾಗಿರಬಹುದು, ಪೈಪಿನಲ್ಲಿ ಗಾಳಿ ತುಂಬಿರಬಹುದು, ಯಾರೋ ವಾಲ್ವು ತಿರುಗಿಸಿ ಮರೆತಿರಬಹುದು, ನಲ್ಲಿಯ ಬಾಯಲ್ಲೇ ಕಸ ಸಿಕ್ಕಿರಬಹುದು. ನಾಲ್ಕಕ್ಕೂ ದೂರು ಒಂದೇ. ರಿಪೇರಿ ಬೇರೆ ಬೇರೆ. ತೊಟ್ಟಿ ತುಂಬಿರುವವರಿಗೆ "ಇನ್ನಷ್ಟು ಓದಿ, ನಾಲ್ಕು ಕಡೆ ಸುತ್ತಿ ಬನ್ನಿ" ಎಂದು ಹೇಳಿ ಪ್ರಯೋಜನವಿಲ್ಲ. ತೊಟ್ಟಿ ಖಾಲಿಯಾದವರಿಗೆ "ದಿನಾ ಕೂತು ಬರೀರಿ" ಎಂದರೆ ನೀರಿಲ್ಲದೆ ಪಂಪು ಓಡಿಸಿದ ಹಾಗೆ, ಮೋಟರು ಸುಡುತ್ತದೆ. ಬರಹ ನಿಂತವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹೀಗೆ ದೋಷ ನೋಡದೆ ಕೊಟ್ಟ ಔಷಧಿಗಳು.

ಇಲ್ಲಿ ಹೇಳುವುದು ಕಥೆ-ಕಾದಂಬರಿಯ ಬಗ್ಗೆ ಅಲ್ಲ. ತಮ್ಮ ದಿನಗಳಲ್ಲಿ ಕಂಡದ್ದು, ಕೇಳಿದ್ದು, ಹೊಳೆದದ್ದನ್ನು 300ರಿಂದ 1000 ಪದಗಳ ಸಣ್ಣ ಬರಹಗಳಾಗಿ ಆಗಾಗ ಬರೆಯುತ್ತಿದ್ದು, ಈಗ ಬರೆಯಲಾಗದೆ ಕೂತವರ ಬಗ್ಗೆ. ಈ ಕೆಲಸದಲ್ಲಿ ಐದು ಹಂತಗಳಿವೆ. ಕಣ್ಣಿಗೆ ಬೀಳುವುದು, ಗುರುತು ಹಾಕಿಕೊಳ್ಳುವುದು, ಕರಡು ಬರೆಯುವುದು, ತಿದ್ದಿ ಮುಗಿಸುವುದು, ಇನ್ನೊಬ್ಬರ ಕೈಗೆ ಕೊಡುವುದು. ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಮೇನ್ ಸ್ವಿಚ್ ನೋಡಿ

ಬರಹವೊಂದೇ ನಿಂತಿದೆಯೋ, ಎಲ್ಲವೂ ನಿಂತಿವೆಯೋ? ಮೊದಲು ಖುಷಿ ಕೊಡುತ್ತಿದ್ದ ಹಾಡು, ನಡಿಗೆ, ಗೆಳೆಯರ ಜೊತೆಗಿನ ಹರಟೆ ಯಾವುದೂ ಬೇಡವಾಗಿ, ದಿನದ ಬಹುಪಾಲು ಮನಸ್ಸು ಕುಗ್ಗಿದ ಸ್ಥಿತಿ ಎರಡು ವಾರ ದಾಟಿದ್ದರೆ, ಜೊತೆಗೆ ನಿದ್ದೆ, ಹಸಿವು ಏರುಪೇರಾಗಿದ್ದರೆ ಈ ಕೈಪಿಡಿಯನ್ನು ಬದಿಗಿಟ್ಟು ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರವನ್ನೂ ಕಾಯಬೇಡಿ. ಅದು ಬರವಣಿಗೆಯ ದೋಷವಲ್ಲ, ಬರವಣಿಗೆಯ ಉಪಾಯಗಳಿಂದ ಸರಿಹೋಗುವುದೂ ಇಲ್ಲ. ಹೊಸ ಮಗು, ಮನೆಯಲ್ಲಿ ಕಾಯಿಲೆ, ರಾತ್ರಿ ಪಾಳಿ, ತಿಂಗಳುಗಟ್ಟಲೆ ಅರೆನಿದ್ದೆ ಇದ್ದವರೂ ಅಷ್ಟೇ. ಅವರಿಗೆ ಬೇಕಾದ್ದು ಶಿಸ್ತಲ್ಲ, ನಿದ್ದೆ. ಅವರು ಟಿಪ್ಪಣಿ ಹಾಕುವ ಅಭ್ಯಾಸವೊಂದನ್ನು ಉಳಿಸಿಕೊಂಡು ಉಳಿದದ್ದನ್ನು ಸದ್ಯಕ್ಕೆ ಬಿಡಬಹುದು.

ಮೂರು ಪರೀಕ್ಷೆ

ಒಂದು ಗಂಟೆ ಬೇಕು. ಸಾಮಾನು: ಮುಗಿಸಿದ ಕೊನೆಯ 5 ಬರಹಗಳ ಪ್ರಿಂಟು, ಅರ್ಧಕ್ಕೆ ಬಿಟ್ಟದ್ದೆಲ್ಲ, ಟಿಪ್ಪಣಿ ಪುಸ್ತಕವಿದ್ದರೆ ಅದು, ಎರಡು ಬಣ್ಣದ ಪೆನ್ನು, ಖಾಲಿ ಹಾಳೆ, ಸಮಯ ನೋಡಲು ಗಡಿಯಾರ. ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಳೆಯ ಕರಡುಗಳನ್ನು ಮೊದಲೇ ಓದಿಬಿಟ್ಟರೆ ಮನಸ್ಸು ಮುದುಡಿಕೊಂಡು ಮಿಕ್ಕ ಎರಡರ ಫಲಿತಾಂಶವೂ ಕೆಡುತ್ತದೆ.

ಮೊದಲನೆಯದು ಮಾತಿನ ಪರೀಕ್ಷೆ. ಫೋನಿನ ರೆಕಾರ್ಡರ್ ಹಾಕಿ, ನಿನ್ನೆ ಬೆಳಿಗ್ಗೆಯಿಂದ ಈಗಿನವರೆಗೆ ಏನೇನಾಯಿತು ಎಂದು ಆಪ್ತರೊಬ್ಬರಿಗೆ ಹೇಳುವ ಹಾಗೆ 3 ನಿಮಿಷ ಮಾತಾಡಿ. ಆಮೇಲೆ ಕೇಳಿಸಿಕೊಂಡು ಎಣಿಸಿ. ಕಣ್ಣಿಗೆ ಕಟ್ಟುವ ವಸ್ತು ಎಷ್ಟು ಬಂದವು? ಯಾರಾದರೂ ಆಡಿದ ಮಾತು ಅವರ ಮಾತಿನಲ್ಲೇ ಬಂತೇ? ಇಂಥವು ನಾಲ್ಕೈದು ಸಿಕ್ಕರೆ ತೊಟ್ಟಿಯಲ್ಲಿ ನೀರಿದೆ. "ಎದ್ದೆ, ಕೆಲಸಕ್ಕೆ ಹೋದೆ, ಬಂದೆ, ಏನೂ ವಿಶೇಷ ಇಲ್ಲ" ಎಂಬಲ್ಲಿಗೆ ಮುಗಿದರೆ ತೊಟ್ಟಿಯೇ ಖಾಲಿ.

ಎರಡನೆಯದು ಹರಿದುಹಾಕುವ ಹಾಳೆ. ಪೆನ್ನಿನಿಂದ 10 ನಿಮಿಷ, ಮನಸ್ಸಿಗೆ ಬಂದದ್ದು. ಮುಗಿದ ಕೂಡಲೇ ಓದದೆ ಚೂರುಚೂರು ಮಾಡಿ ಹಾಕಬೇಕು. ಇದು ನಿಯಮ, "ಚೆನ್ನಾಗಿದ್ದರೆ ಇಟ್ಕೊಳ್ತೀನಿ" ಎಂದರೆ ಪರೀಕ್ಷೆ ಕೆಟ್ಟಿತು. ಯಾರೂ ನೋಡುವುದಿಲ್ಲ ಎಂಬ ಖಾತ್ರಿಯಲ್ಲಿ ಪೆನ್ನು ಸರಾಗವಾಗಿ ಓಡಿದರೆ ದೋಷ ಓದುಗರ ತುದಿಯಲ್ಲಿದೆ. ಅದು ಭಯವಿರಬಹುದು, ಲೆಕ್ಕಾಚಾರವಿರಬಹುದು, ಇನ್ನೊಬ್ಬರ ಗುಟ್ಟಿನ ಪ್ರಶ್ನೆಯೂ ಇರಬಹುದು.

ಮೂರನೆಯದು ಅರ್ಧಕ್ಕೆ ನಿಂತವುಗಳ ತಪಾಸಣೆ. ಪ್ರತಿಯೊಂದೂ ಎಲ್ಲಿ ನಿಂತಿದೆ ಎಂದು ಗುರುತು ಹಾಕುತ್ತ ಹೋಗಿ. ಎಲ್ಲವೂ ಒಂದೆರಡು ಸಾಲಿಗೇ ನಿಂತಿವೆಯೇ? ಮೊದಲ ವಾಕ್ಯದ ತೊಡಕು. ಎರಡು-ಮೂರು ಪ್ಯಾರಾ ಆದಮೇಲೆ ನಿಂತಿವೆಯೇ? ಅರ್ಥ ಹುಡುಕುವ ತೊಡಕು, ಇದೇ ಎಲ್ಲಕ್ಕಿಂತ ಸಾಮಾನ್ಯ. ಮುಕ್ಕಾಲು ಮುಗಿದು ತಿದ್ದುವುದರಲ್ಲೇ ತಿರುಗುತ್ತಿವೆಯೇ? ಕೊಡಲು ಹಿಂಜರಿಕೆ. ಅರ್ಧಂಬರ್ಧ ಕರಡುಗಳೇ ಇಲ್ಲ, ಒಂದು ದಿನಾಂಕದ ನಂತರ ಖಾಲಿಯೇ ಖಾಲಿ ಎಂದಾದರೆ ಬರಹದಲ್ಲಿ ದೋಷವಿಲ್ಲ, ವೇಳಾಪಟ್ಟಿಯಲ್ಲಿದೆ. ಆ ದಿನಾಂಕದ ಆಚೀಚೆ ಕೆಲಸ, ಮನೆ, ಓಡಾಟದ ದಾರಿ ಏನಾದರೂ ಬದಲಾಯಿತೇ ನೋಡಿ. ಬಹಳ ಸಲ ಬದಲಾಗಿರುತ್ತದೆ. ಬರೆಯುತ್ತಿದ್ದ ಅರ್ಧ ಗಂಟೆ ಸದ್ದಿಲ್ಲದೆ ಬೇರೆ ಯಾವುದಕ್ಕೋ ಹೋಗಿರುತ್ತದೆ.

ತೊಟ್ಟಿ ಖಾಲಿಯಾದರೆ

"ನನ್ನ ಬದುಕಿನಲ್ಲಿ ಬರೆಯುವಂಥದ್ದೇನೂ ನಡೆಯುತ್ತಿಲ್ಲ" ಎನ್ನುವವರ ದಿನಗಳೂ ಬರೆದ ಕಾಲದ ದಿನಗಳೂ ಸಾಮಾನ್ಯವಾಗಿ ಒಂದೇ ಥರ ಇರುತ್ತವೆ. ತಪ್ಪಿಹೋಗಿರುವುದು ಘಟನೆಯಲ್ಲ, ಬಿಡುವು. ಲಿಫ್ಟಿಗೆ ಕಾಯುವಾಗ, ಸಾಲಿನಲ್ಲಿ ನಿಂತಾಗ, ಬಸ್ಸಿನ ಕಿಟಕಿ ಪಕ್ಕ ಕೂತಾಗ ಕಣ್ಣು ಸುಮ್ಮನೆ ಅಲೆಯುತ್ತಿತ್ತಲ್ಲ, ಈಗ ಆ ಎರಡೆರಡು ನಿಮಿಷವೂ ಫೋನಿನ ಪಾಲು. ಫೋನ್ ಬಿಡಿ ಎಂದು ಉಪದೇಶ ಮಾಡುವುದು ಬೇಡ. ದಿನಕ್ಕೆ ಎರಡೇ ಎರಡು ಕಾಯುವಿಕೆಗಳನ್ನು ಆರಿಸಿಕೊಂಡು, ಅಲ್ಲಿ ಮಾತ್ರ ಅದು ಜೇಬಿನಲ್ಲಿರಲಿ.

ಅದರ ಜೊತೆಗೆ ಏಳು ದಿನ, ದಿನಕ್ಕೆ 3 ಟಿಪ್ಪಣಿ. ಒಂದೊಂದು 15 ಪದ ಮೀರಬಾರದು. ಪ್ರತಿಯೊಂದರಲ್ಲೂ ಒಂದು ಜಾಗ, ಒಂದು ವಸ್ತು ಅಥವಾ ಒಬ್ಬರ ಮಾತು ಇರಲೇಬೇಕು. ಅಭಿಪ್ರಾಯಕ್ಕೆ ಪ್ರವೇಶವಿಲ್ಲ. "ಆಫೀಸಿನಲ್ಲಿ ಎಲ್ಲರೂ ಯಾಂತ್ರಿಕ" ಎಂಬುದು ಟಿಪ್ಪಣಿಯಲ್ಲ. ವಾರ ಕಳೆದು ಓದಿದರೆ ಅದರಿಂದ ಏನೂ ಹೊರಡುವುದಿಲ್ಲ. "ಲಿಫ್ಟು. ಮೂರನೇ ಮಹಡಿಯವರು ಬಾಗಿಲು ಮುಚ್ಚುವ ಗುಂಡಿಯನ್ನು ಐದು ಸಲ ಒತ್ತಿದರು, ಆಮೇಲೆ 'ಸಾರಿ' ಅಂದರು, ಗುಂಡಿಗೆ" ಎಂಬುದು ಟಿಪ್ಪಣಿ.

ಟಿಪ್ಪಣಿ ಹಾಕಲು ರಾತ್ರಿಯವರೆಗೆ ಕಾಯಬೇಡಿ. ಯಾರೋ ಏನೋ ಹೇಳಿದರು ಎಂಬುದರ ಸಾರಾಂಶ ದಿನಗಟ್ಟಲೆ ನೆನಪಿರುತ್ತದೆ, ಆಡಿದ ಪದಗಳು ಮಾತ್ರ ಬೇಗ ಅಳಿಯುತ್ತವೆ. ಈ ಬಗೆಯ ಬರಹ ನಿಂತಿರುವುದು ಆ ಪದಗಳ ಮೇಲೆ. "ಅವರು ಬೇಜಾರು ಮಾಡಿಕೊಂಡರು" ಎಂದು ಉಳಿದರೆ ಬರಹವಿಲ್ಲ. "ಇರಲಿ ಬಿಡು, ನಂಗೇನು ಹಸಿವಿಲ್ಲ" ಅಂದರು ಎಂದು ಉಳಿದರೆ ಇದೆ. ಹಾಗೆಯೇ ಟಿಪ್ಪಣಿಗಳು ಕೊಳೆಯುತ್ತವೆ. ಎರಡು ಪದದ ಗುರುತು ಹಾಕಿ ತಿಂಗಳು ಬಿಟ್ಟರೆ "ನೀಲಿ ಬಕೆಟ್ಟು!!" ಎಂದು ಬರೆದವರಿಗೇ ಅದೇನೆಂದು ತಿಳಿಯದು. ಹಾಕಿದ ಮರುದಿನ ಒಂದು ಸಲ ಓದಿ, ಬೇಕಾದವಕ್ಕೆ ಎರಡು ಸಾಲು ಸೇರಿಸಿದರೆ ತಡೆಯುತ್ತವೆ.

ಏಳು ದಿನಕ್ಕೆ 21 ಟಿಪ್ಪಣಿ. ಅವುಗಳಲ್ಲಿ ಬರಹವಾಗುವುದು ಎರಡೋ ಮೂರೋ. ಇದು ನಷ್ಟವಲ್ಲ, ಈ ಕೆಲಸದ ಇಳುವರಿಯೇ ಅಷ್ಟು.

ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡರೆ

ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಬರವಣಿಗೆ ಕಲಿಸುತ್ತಿದ್ದ ಮೈಕ್ ರೋಸ್ 1980ರಲ್ಲಿ ಹತ್ತು ವಿದ್ಯಾರ್ಥಿಗಳ ಬಗ್ಗೆ ಬರೆದರು. ಐವರು ಬರೆಯಲಾಗದೆ ತಡವರಿಸುವವರು, ಐವರು ಸಲೀಸಾಗಿ ಬರೆಯುವವರು. ತಡವರಿಸುವವರಿಗೆ ಪ್ರತಿಭೆಯ ಕೊರತೆ ಇರಲಿಲ್ಲ, ನಿಯಮಗಳು ಬಿಗಿಯಾಗಿದ್ದವು. ಮೊದಲ ಸಾಲೇ ಓದುಗರನ್ನು ಹಿಡಿದಿಡಬೇಕು, ಪ್ರತಿ ವಾಕ್ಯವೂ ಮೊದಲ ಸಲಕ್ಕೇ ತಪ್ಪಿಲ್ಲದೆ ಬರಬೇಕು ಎಂಬಂಥವು. ಸಲೀಸಾಗಿ ಬರೆಯುವವರಿಗೂ ನಿಯಮಗಳಿದ್ದವು, ಕೆಲಸಕ್ಕೆ ಬಾರದಿದ್ದಾಗ ಬಿಟ್ಟುಬಿಡುತ್ತಿದ್ದರು.

ರಿಪೇರಿ ಸುಲಭ. ನಡುವಿನಿಂದ ಶುರುಮಾಡಿ. ಟಿಪ್ಪಣಿಯಲ್ಲಿರುವ ವಾಕ್ಯವನ್ನು ಹಾಗೇ ಎತ್ತಿ ಮೊದಲ ಸಾಲಾಗಿ ಇಡಿ. ಪೀಠಿಕೆ ಬೇಕೇಬೇಕು ಎನಿಸಿದರೆ ಬರೆಯಿರಿ, ಮುಗಿದ ಮೇಲೆ ಮೊದಲ ಪ್ಯಾರಾ ಅಳಿಸಿ ಓದಿ ನೋಡಿ. ಅರ್ಧಕ್ಕರ್ಧ ಸಂದರ್ಭಗಳಲ್ಲಿ ಅದು ಇತ್ತು ಎಂದೇ ಗೊತ್ತಾಗುವುದಿಲ್ಲ.

ಎರಡು ಪ್ಯಾರಾ ಆದಮೇಲೆ ನಿಂತರೆ

ಇದನ್ನು ನಿಧಾನವಾಗಿ ನೋಡಬೇಕು. ಉತ್ಸಾಹ ಹೋಯಿತು ಎಂದು ದೂರುವವರಲ್ಲಿ ಬಹಳ ಜನ ಸಿಕ್ಕಿಕೊಂಡಿರುವುದು ಇಲ್ಲೇ, ಅವರಿಗೆ ಅದು ಗೊತ್ತಿರುವುದಿಲ್ಲ ಅಷ್ಟೇ.

ಅರ್ಧಕ್ಕೆ ನಿಂತ ಕರಡೊಂದರ ಮಾದರಿ:

"ಬೆಳಿಗ್ಗೆ ಮಳೆ. ಛತ್ರಿ ಬಿಚ್ಚಿದರೆ ಒಂದು ಕಡ್ಡಿ ಮುರಿದಿತ್ತು. ಬದುಕೂ ಹೀಗೇ ಅಲ್ಲವೇ ಅನ್ನಿಸಿತು. ಬೇಕಾದಾಗಲೇ ಕೈಕೊಡುವ ವಸ್ತುಗಳು, ಬೇಕಾದಾಗಲೇ ದೂರವಾಗುವ ಮನುಷ್ಯರು. ಎಲ್ಲಿಗೋ ಓಡುತ್ತಲೇ ಇರುವ ನಾವು"

ಇಲ್ಲಿಗೆ ನಿಂತಿದೆ. ಎರಡು ಬಣ್ಣದ ಪೆನ್ನು ತೆಗೆದುಕೊಳ್ಳಿ. ಕಂಡದ್ದು, ಕೇಳಿದ್ದು, ಮಾಡಿದ್ದರ ಕೆಳಗೆ ಕೆಂಪು ಗೆರೆ; ಅನಿಸಿದ್ದರ ಕೆಳಗೆ ನೀಲಿ. ಮಳೆ ಮತ್ತು ಛತ್ರಿ ಕೆಂಪು, ಎರಡೇ ಸಾಲು. ಮೂರನೇ ಸಾಲಿನಿಂದ ಆಚೆಗೆ ಬರೀ ನೀಲಿ. ಛತ್ರಿಯನ್ನು ಇನ್ನೂ ಸರಿಯಾಗಿ ನೋಡಿಯೇ ಇಲ್ಲ, ಅಷ್ಟರಲ್ಲಿ ಬದುಕಿಗೆ ಹಾರಿಯಾಗಿದೆ. ಅಲ್ಲಿ ಹೋಗಿ ಹೇಳಲು ಸಿಗುವುದು ಎಲ್ಲರೂ ಹೇಳಿದ ಮಾತೇ. ಬರೆಯುತ್ತಿರುವವರಿಗೂ ಒಳಗೊಳಗೇ ಅದು ಗೊತ್ತು, ಅದಕ್ಕೇ ಕೈ ನಿಲ್ಲುತ್ತದೆ. ಅಂದರೆ ಇಲ್ಲಿ ಬ್ರೇಕು ಹಾಕುತ್ತಿರುವುದು ಸೋಮಾರಿತನವಲ್ಲ, ಒಳ್ಳೆಯ ಅಭಿರುಚಿ. ಅದನ್ನು ಬೈದು ಮುಂದೆ ತಳ್ಳಿದರೆ ಕೆಟ್ಟ ಬರಹ ಮುಗಿಯುತ್ತದೆ, ಆಮೇಲೆ ಇನ್ನೂ ಬೇಸರ.

ರಿಪೇರಿಗೆ ಛತ್ರಿಗೇ ವಾಪಸು ಹೋಗಬೇಕು. ಐದು ಪ್ರಶ್ನೆ ಕೇಳಿ. ಎಷ್ಟರಲ್ಲಿ ಒಂದು? ಮುರಿದ ಜಾಗ ಈಗ ಹೇಗಿದೆ? ಅದನ್ನು ಕೊನೆಗೆ ಮುಟ್ಟಿದವರು ಯಾರು? ಅವರು ಏನಾದರೂ ಹೇಳಿದ್ದರೇ? ಆಮೇಲೆ ನೀವು ಏನು ಮಾಡಿದಿರಿ? ಉತ್ತರಗಳನ್ನು ಸಾಲಾಗಿ ಇಟ್ಟರೆ:

"ಬೆಳಿಗ್ಗೆ ಮಳೆ. ಛತ್ರಿ ಬಿಚ್ಚಿದರೆ ಎಂಟು ಕಡ್ಡಿಯಲ್ಲಿ ಒಂದು ಮುರಿದಿತ್ತು. ಮುರಿದ ಕಡೆ ಹಳದಿ ದಾರ ಸುತ್ತಿ ಗಂಟು ಹಾಕಿತ್ತು. ಮನೆಯಲ್ಲಿ ಹಳದಿ ದಾರ ಇರುವುದು ಹೊಲಿಗೆಯ ಡಬ್ಬಿಯಲ್ಲಿ, ಆ ಡಬ್ಬಿ ತೆಗೆಯುವವರು ಒಬ್ಬರೇ. ಹೋದ ಮಳೆಗಾಲದಲ್ಲೇ ಸುತ್ತಿಟ್ಟಿರಬೇಕು, ಹೇಳಿರಲಿಲ್ಲ. ಆ ಪಕ್ಕದ ಭುಜ ನೆನೆಸಿಕೊಂಡೇ ಬಸ್ಸು ಹತ್ತಿದೆ."

ಮನುಷ್ಯರು ದೂರವಾಗುವ ಮಾತು ಹೋಯಿತು, ಹತ್ತಿರವಿರುವ ಮನುಷ್ಯರೊಬ್ಬರು ಬಂದರು. "ಹೇಳಿರಲಿಲ್ಲ" ಎಂಬ ಒಂದು ಪದ ನೀಲಿ ಸಾಲುಗಳೆಲ್ಲ ಮಾಡಬೇಕೆಂದಿದ್ದ ಕೆಲಸವನ್ನು ಮಾಡಿತು. ಮುಂದಿನ ಪ್ಯಾರಾಕ್ಕೂ ದಾರಿ ಸಿಕ್ಕಿತು. ಸಂಜೆ ಬಂದು ಆ ಗಂಟಿನ ಬಗ್ಗೆ ಕೇಳಬಹುದು, ಕೇಳದೆಯೂ ಇರಬಹುದು.

ಇದೇ ಪೆನ್ನುಗಳಿಂದ ಮುಗಿಸಿದ ಐದು ಬರಹಗಳನ್ನೂ ನೋಡಿ. ಕೈಯಳತೆ ಇಷ್ಟು: ನೀಲಿ ಅರ್ಧ ದಾಟಿದ್ದರೆ, ಈಗ ಆಗಿರುವ ನಿಲುಗಡೆ ಬಹಳ ದಿನದಿಂದ ಬರುತ್ತಿತ್ತು. ಸುಲಭವಾಗಿ ಸಿಗುವ ಗುರುತುಗಳೂ ಇವೆ: "ಅನ್ನಿಸಿತು", "ಅಲ್ಲವೇ", "ಒಟ್ಟಿನಲ್ಲಿ", "ಬದುಕೆಂದರೆ", "ಎಷ್ಟೊಂದು ವಿಚಿತ್ರ". ಒಂದು ಬರಹದಲ್ಲಿ ಇವು ಎರಡಕ್ಕಿಂತ ಹೆಚ್ಚಾದರೆ ಒಂದೊಂದನ್ನೇ ಕಿತ್ತು, ವಾಕ್ಯ ಬೀಳುತ್ತದೆಯೋ ನಿಲ್ಲುತ್ತದೆಯೋ ನೋಡಿ. ಚಿಂತನೆಯೇ ಬೇಡವೆಂದಲ್ಲ. ವಸ್ತು ಪೂರ್ತಿ ಬಂದಮೇಲೆ ಹುಟ್ಟಿದ ಚಿಂತನೆ ಸ್ವಂತದ್ದಾಗಿರುತ್ತದೆ, ಅದಕ್ಕೆ ಮೊದಲೇ ಬಂದದ್ದು ಸಾಲ ತಂದದ್ದು.

ಮುಕ್ಕಾಲು ಮುಗಿದು ಅಲ್ಲೇ ತಿರುಗಿದರೆ

ಕೊನೆಯ ಪ್ಯಾರಾ ನಾಲ್ಕು ಸಲ ಬದಲಾಗಿದ್ದರೆ ಬರಹ ಅದಕ್ಕೆ ಮೊದಲೇ ಮುಗಿದಿದೆ ಎಂದರ್ಥ. ಕೊನೆಯ ಪ್ಯಾರಾ ತೆಗೆದು ಅದರ ಹಿಂದಿನದರಲ್ಲಿ ನಿಲ್ಲಿಸಿ. ತಿದ್ದುವುದಕ್ಕೆ ಎರಡು ಸುತ್ತಿನ ಮಿತಿ ಹಾಕಿಕೊಳ್ಳಿ. ಮೊದಲ ಸುತ್ತಿನಲ್ಲಿ ಬರೀ ತೆಗೆಯುವುದು. ಎರಡನೆಯದರಲ್ಲಿ ಗಟ್ಟಿಯಾಗಿ ಓದಿ ನಾಲಿಗೆ ತೊಡರಿದ ಕಡೆ ಸರಿಮಾಡುವುದು. ಮೂರನೇ ಸುತ್ತಿನಲ್ಲಿ ಬರಹಕ್ಕಿಂತ ಬರೆದವರ ಧೈರ್ಯವೇ ಹೆಚ್ಚು ಸವೆಯುತ್ತದೆ.

ಬರೆಯಬೇಕಾದ್ದು ಇನ್ನೊಬ್ಬರದ್ದಾದಾಗ

ಹರಿದುಹಾಕುವ ಹಾಳೆ ಸಲೀಸಾಗಿ ತುಂಬಿತು, ಉಳಿದ ಹೊತ್ತಿನಲ್ಲಿ ಏನೂ ಹೊಳೆಯುತ್ತಿಲ್ಲ ಎಂಬವರು ಮೊದಲು ಇದನ್ನು ಪರೀಕ್ಷಿಸಿ. ಸ್ವಂತ ದಿನಗಳನ್ನು ಬರೆಯುವವರಿಗೆ ಕೆಲವು ವರ್ಷ ಕಳೆದ ಮೇಲೆ ಬರುವ ದೋಷ ಇದು. ಮನಸ್ಸನ್ನೆಲ್ಲ ಒಂದೇ ವಿಷಯ ತುಂಬಿಕೊಂಡಿರುತ್ತದೆ. ತಂದೆಯ ಮರೆವು, ಜೊತೆಗಾರರ ಕೆಲಸ ಹೋದದ್ದು, ಬೆಳೆದ ಮಗನ ಮೌನ, ತಂಗಿಯ ಮನೆಯ ಜಗಳ, ಹೀಗೆ ಏನೋ ಒಂದು. ಅದನ್ನು ಬರೆಯುವಂತಿಲ್ಲ, ಏಕೆಂದರೆ ಅದು ಅವರದು. ಬರೆಯಬಹುದಾದ ಹೂಕುಂಡ, ಮಳೆ, ಬಸ್ಸಿನಲ್ಲಿ ಜೀವವಿಲ್ಲ, ಏಕೆಂದರೆ ಮನಸ್ಸು ಅಲ್ಲಿಲ್ಲ. ಹೊರಗಿನಿಂದ ನೋಡಿದರೆ ಇದು ಉತ್ಸಾಹ ಬತ್ತಿದ ಹಾಗೇ ಕಾಣುತ್ತದೆ. ನಿಜವಾಗಿ ಪೈಪಿನ ಬಾಯಲ್ಲಿ ಒಂದು ದೊಡ್ಡ ಕಲ್ಲು ಕೂತಿದೆ. ಹಿಂದಿರುವ ಸಣ್ಣದೂ ಹೊರಗೆ ಬರಲಾಗುತ್ತಿಲ್ಲ.

ಕಲ್ಲನ್ನು ಮೊದಲು ತೆಗೆಯಬೇಕು, ಯಾರಿಗೂ ತೋರಿಸದೆ. ಟೆಕ್ಸಸ್‌ನಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ನಡೆಸಿ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ ಬರೆದಿದ್ದರು. ಬದುಕಿನ ಕಹಿ ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು, ರಕ್ತದೊತ್ತಡವೂ ಏರಿತ್ತು. ಇಲ್ಲಿಗೆ ಬೇಕಾದ ಅಳತೆ ಅದರಲ್ಲೇ ಇದೆ: 15 ನಿಮಿಷ, ನಾಲ್ಕು ದಿನ, ಆಮೇಲೆ ಲಕೋಟೆಗೆ ಹಾಕಿ ಅಂಟಿಸುವುದು. ಮಲಗುವ ಹೊತ್ತಿಗೆ ಬರೆಯಬೇಡಿ. ತಾಜಾ ಆಘಾತವಿದ್ದರೆ ಒಬ್ಬರೇ ಕೂತು ಕೆದಕುವುದಕ್ಕಿಂತ ಆಪ್ತಸಲಹೆಗಾರರ ಬಳಿ ಹೋಗುವುದೇ ಸರಿ.

ನಂತರ ಉಳಿದ ವಿಷಯಗಳನ್ನು ಮೂರು ಗುಡ್ಡೆ ಮಾಡಿ. ಪೂರ್ತಿ ನಿಮ್ಮದು: ನಿಮ್ಮ ತಪ್ಪು, ನಿಮ್ಮ ಭಯ, ನಿಮ್ಮ ಕೈಯ ಕೆಲಸ. ಪಾಲಿನದು: ಇಬ್ಬರೂ ಇದ್ದ ಘಟನೆ. ಪೂರ್ತಿ ಅವರದು: ನಂಬಿ ಹೇಳಿದ ಮಾತು, ಕಾಯಿಲೆ, ಹಣದ ತೊಂದರೆ, ಮಕ್ಕಳು ನಾಚಿಕೊಳ್ಳುವಂಥದ್ದು. ಮೂರನೆಯದು ಮುಚ್ಚಿರಲಿ. ಎರಡನೆಯದಕ್ಕೆ ಕೇಳುವುದೇ ದಾರಿ, ಅದೂ ಬರೆಯುವ ಮೊದಲಲ್ಲ, ಬರೆದು ತೋರಿಸಿ. "ನಿಮ್ಮ ಬಗ್ಗೆ ಬರೀಲಾ?" ಎಂದರೆ ಯಾರಾದರೂ ಗಾಬರಿಯಾಗುತ್ತಾರೆ, ಹಾಳೆ ಕೈಗೆ ಕೊಟ್ಟರೆ "ಈ ಎರಡು ಸಾಲು ತೆಗಿ, ಉಳಿದದ್ದು ಇರಲಿ" ಎನ್ನುವ ಸಾಧ್ಯತೆ ಇದೆ. ಚಿಕ್ಕ ಮಕ್ಕಳು ಅನುಮತಿ ಕೊಡಲಾರರು. ಅವರು ಇಪ್ಪತ್ತರ ವಯಸ್ಸಿನಲ್ಲಿ ಇದನ್ನು ಓದಿದರೆ ಎಂದು ಕೇಳಿಕೊಂಡು ನೀವೇ ತೀರ್ಮಾನಿಸಬೇಕು.

ಹೆಸರು ಬದಲಿಸಿದರೆ ಸಾಕು ಎಂಬುದು ತಪ್ಪು ಎಣಿಕೆ. ಅಪರಿಚಿತರಿಗೆ ಹೆಸರು ಬೇಡವೇ ಬೇಡ, ಪರಿಚಿತರು ಹೆಸರಿಲ್ಲದೆಯೂ ಹಿಡಿಯುತ್ತಾರೆ. ಅದರ ಬದಲು ದೃಶ್ಯದಲ್ಲಿ ನಿಮ್ಮ ಕೈ ಏನು ಮಾಡುತ್ತಿತ್ತು ಎಂಬುದಕ್ಕೆ ಕ್ಯಾಮೆರಾ ತಿರುಗಿಸಿ. ತಂದೆಯ ಮರೆವನ್ನು ಬರೆಯದೆ, ಮನೆಯ ಬೀಗದ ಕೈಗೆ ಮೂರನೇ ನಕಲು ಮಾಡಿಸಲು ಹೋಗಿ ನಿಂತದ್ದನ್ನು ಬರೆಯಬಹುದು. ಬೀಗದ ಕೈ ಮಾಡುವವರು ಅರ ತಿಕ್ಕುತ್ತ "ಎಷ್ಟು ಬೇಕು?" ಎಂದು ಕೇಳಿದ್ದು, ಉತ್ತರ ಹೇಳಲು ಎರಡು ಕ್ಷಣ ಹಿಡಿದದ್ದು, ಅಷ್ಟು ಸಾಕು. ಭಾರ ಬರುತ್ತದೆ, ಗುಟ್ಟು ಬರುವುದಿಲ್ಲ.

ಮೆಚ್ಚುಗೆಯ ಲೆಕ್ಕ ಹಾಕಿ ಹಾಕಿ ಸೋತರೆ

ಲಕ್ಷಣ: ಬರೆಯುವ ಮೊದಲೇ "ಇದನ್ನು ಯಾರು ಓದ್ತಾರೆ" ಎಂಬ ಯೋಚನೆ. ಯಾವುದೋ ಒಂದು ಬರಹ ಬಹಳ ಜನಕ್ಕೆ ಹಿಡಿಸಿ, ಅದರ ನಂತರದವು ಎಲ್ಲ ಅದರ ತಮ್ಮಂದಿರ ಹಾಗೆ ಕಾಣುವುದು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಚಿತ್ರ ಬಿಡಿಸುವ ಖುಷಿಗೇ ಬಿಡಿಸುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ವಾರ ಎರಡು ವಾರ ಬಿಟ್ಟು ನೋಡಿದರೆ, ಆ ಮಕ್ಕಳು ಬಿಡುವಿನಲ್ಲಿ ಚಿತ್ರಕ್ಕೆ ಕೊಡುತ್ತಿದ್ದ ಹೊತ್ತು ಉಳಿದವರ ಅರ್ಧದಷ್ಟೇ. ಅನಿರೀಕ್ಷಿತವಾಗಿ ಪ್ರಶಸ್ತಿ ಸಿಕ್ಕ ಮಕ್ಕಳಲ್ಲಿ ಈ ಇಳಿಕೆ ಇರಲಿಲ್ಲ. ಹಾಗಾಗಿ ಮೆಚ್ಚುಗೆಯನ್ನು ದೂರಬೇಕಿಲ್ಲ, ಕಾಯುವುದನ್ನು ಬಿಟ್ಟರಾಯಿತು.

ಮುಂದಿನ ಮೂರು ಬರಹಗಳನ್ನು ಒಬ್ಬರೇ ಒಬ್ಬರಿಗೆ ಕೊಡಿ, ಪತ್ರದ ಹಾಗೆ. ಓದಿ ಏನು ಹೇಳಿದರು ಎಂದು ಒಂದು ವಾರ ಕೇಳಬೇಡಿ. ಆ ಒಬ್ಬರು ಹೊಗಳುವವರಾಗಿರಬೇಕಿಲ್ಲ, "ಆಮೇಲೆ ಏನಾಯ್ತು?" ಎಂದು ಕೇಳುವವರಾಗಿರಬೇಕು.

ಬಾಕಿ ಏರಿಹೋದರೆ

ಮೂರು ತಿಂಗಳು ಬರೆಯಲಿಲ್ಲ. ಈಗ ಬರೆದರೆ ಆ ಮೂರು ತಿಂಗಳಿಗೆ ತಕ್ಕಂಥದ್ದು ಬರೆಯಬೇಕು, ಯಾಕೆ ಬರೆಯಲಿಲ್ಲ ಎಂದೂ ಹೇಳಬೇಕು. ಹೀಗೆ ಬಡ್ಡಿ ಏರುತ್ತದೆ, ಕೂರಲು ಭಯವಾಗುತ್ತದೆ. ಬಾಕಿಯನ್ನು ಮನ್ನಾ ಮಾಡಿ. ಕಳೆದ ತಿಂಗಳುಗಳ ಬಗ್ಗೆ ಒಂದು ಸಾಲನ್ನೂ ಬರೆಯದೆ, ಕ್ಷಮೆಯನ್ನೂ ಕೇಳದೆ, ಇವತ್ತು ಬೆಳಿಗ್ಗೆ ಕಂಡದ್ದರಿಂದ ಶುರುಮಾಡಿ.

ಅಭ್ಯಾಸ 21 ದಿನದಲ್ಲಿ ಕೂರುತ್ತದೆ ಎಂಬ ಮಾತನ್ನು ನಂಬಿ ಇಪ್ಪತ್ತೆರಡನೇ ದಿನ ಸೋತವರು ಬಹಳ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದಾಗ, ಹೊಸ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ 18ರಿಂದ 254 ದಿನ ಬೇಕಾಗಬಹುದೆಂದು ಲೆಕ್ಕ ಸಿಕ್ಕಿತು. ಅದರ ನಡುಮಟ್ಟ 66. ಅವರು ನೋಡಿದ್ದು ಊಟ, ನೀರು, ವ್ಯಾಯಾಮದಂಥ ಅಭ್ಯಾಸಗಳನ್ನು. ಬರವಣಿಗೆ ಅವಕ್ಕಿಂತ ಸುಲಭವೇನೂ ಅಲ್ಲ. ನಮಗೆ ಬೇಕಾದ ಮಾತು ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ.

ವಾರಕ್ಕೆ ನಾಲ್ಕು ಸಲ, 20 ನಿಮಿಷ. "ಬಿಡುವಾದಾಗ" ಎಂಬ ಗಂಟೆ ಯಾವ ಗಡಿಯಾರದಲ್ಲೂ ಇಲ್ಲ. ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದರ ಬಾಲಕ್ಕೆ ಕಟ್ಟಿ. ಹಲ್ಲುಜ್ಜಿದ ಮೇಲೆ, ಕೆಲಸದ ಜಾಗದಲ್ಲಿ ಚೀಲ ಇಟ್ಟ ಕೂಡಲೇ, ಹೀಗೆ. 20 ನಿಮಿಷ ಆದಾಗ ವಾಕ್ಯ ನಡುವಿನಲ್ಲಿದ್ದರೂ ಏಳಿ. ಮರುದಿನ ಅರ್ಧ ವಾಕ್ಯ ಮುಗಿಸುವುದು ಹೊಸ ವಾಕ್ಯ ಶುರುಮಾಡುವುದಕ್ಕಿಂತ ಸುಲಭ.

ತನ್ನ ದನಿಯೇ ಬೇಸರವಾದರೆ

ಮುಗಿಸಿದ ಐದೂ ಬರಹಗಳ ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಒಂದೇ ಹಾಳೆಗೆ ಇಳಿಸಿ. "ಮೊನ್ನೆ ಹೀಗಾಯಿತು" ಎಂದು ಮೂರು ಶುರುವಾಗಿ, ಮೆಲ್ಲಗೆ ನಿಟ್ಟುಸಿರು ಬಿಡುವ ಹಾಗೆ ನಾಲ್ಕು ಮುಗಿದಿದ್ದರೆ, ಬೇಸರಕ್ಕೆ ಕಾರಣ ಸಿಕ್ಕಿತು. ಅಚ್ಚು ಸವೆದಿದೆ.

ಅಚ್ಚು ಬದಲಿಸಿ. 150 ಪದಕ್ಕೆ ಮೀರದ ತುಣುಕು, ಬರೀ ಸಂಭಾಷಣೆ, ಏನನ್ನಾದರೂ ಮಾಡುವ ಬಗೆ ಹೇಳುವ ಸೂಚನಾಪತ್ರ, ಬೀರುವಿನ ಒಂದು ಖಾನೆಯಲ್ಲಿರುವ ಸಾಮಾನಿನ ಪಟ್ಟಿ. "ನಾನು" ಬಳಸದೆ ಬರೆಯಿರಿ ಎಂಬ ಪ್ರಸಿದ್ಧ ಉಪಾಯ ಕನ್ನಡದಲ್ಲಿ ಅಷ್ಟಾಗಿ ನಡೆಯುವುದಿಲ್ಲ. "ಬಂದೆ, ನೋಡಿದೆ, ಕೂತೆ" ಎಂದರೆ ನಾನು ಕ್ರಿಯಾಪದದ ಬಾಲದಲ್ಲೇ ಕೂತಿರುತ್ತೇನೆ. ಇಲ್ಲಿ ಕಿತ್ತುಹಾಕಬೇಕಾದ್ದು ಆ ಬಾಲ. ಒಂದು ಇಡೀ ಪ್ಯಾರಾದಲ್ಲಿ "ಎ"ಕಾರದಲ್ಲಿ ಮುಗಿಯುವ ಅಂಥ ಕ್ರಿಯಾಪದ ಒಂದೂ ಇರಬಾರದೆಂದು ಇಟ್ಟುಕೊಳ್ಳಿ. ಬಾಗಿಲು ತೆರೆಯಿತು, ಅಜ್ಜಿ ಇಳಿದರು, ಚಿಲ್ಲರೆ ಬಿತ್ತು. ಕಣ್ಣು ತಾನಾಗಿ ಹೊರಗೆ ಹೊರಳುತ್ತದೆ.

ದುರಸ್ತಿಯ ನಂತರದ ಓಟ

14 ದಿನ. ಒಂದೇ ದೋಷಕ್ಕೆ ಒಂದೇ ರಿಪೇರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಈ ಅವಧಿಯಲ್ಲಿ 250 ಪದದ ಎರಡು ಬರಹ ಮುಗಿಯಬೇಕು. ಚೆನ್ನಾಗಿರಬೇಕೆಂದಿಲ್ಲ, ಮುಗಿಯಬೇಕು. ಎರಡನೆಯದನ್ನು ಮುಗಿಸುವಾಗ ಮೂರನೆಯದರ ಟಿಪ್ಪಣಿ ತಲೆಯಲ್ಲಿ ಓಡಾಡುತ್ತಿದ್ದರೆ ಗಾಡಿ ಸರಿಯಾಗಿದೆ. ಮತ್ತೆ ನಿಂತರೆ ಎಲ್ಲಿ ನಿಂತಿತು ಎಂದು ನೋಡಿ. ಸ್ಥಳ ಬದಲಾಗಿದ್ದರೆ ಅದು ಪ್ರಗತಿ, ಹಿಂದೆ ಮುಚ್ಚಿಕೊಂಡಿದ್ದ ದೋಷ ಈಗ ಕಂಡಿದೆ.

ದೋಷವೇ ಇಲ್ಲದಿದ್ದರೆ

ಮೂರೂ ಪರೀಕ್ಷೆ ಪಾಸಾಗಿ, ಮೇನ್ ಸ್ವಿಚ್ಚೂ ಸರಿಯಿದ್ದು, ಆದರೂ ಬರೆಯಬೇಕೆನಿಸದಿದ್ದರೆ ಒಂದು ಸಾಧ್ಯತೆ ಉಳಿಯುತ್ತದೆ. ಕೆಲಸ ಮುಗಿದಿದೆ. ಹೊಸ ಜಾಗಕ್ಕೆ ಒಗ್ಗಿಕೊಳ್ಳಲು, ಒಂದು ಸಾವನ್ನು ಅರಗಿಸಿಕೊಳ್ಳಲು, ಒಂಟಿತನ ಕಳೆಯಲು ಶುರುವಾದ ಬರಹ ಆ ಕಾರಣ ತೀರಿದಾಗ ನಿಲ್ಲುವುದು ಸಹಜ. ಪರೀಕ್ಷೆ ಇದು: ಆರು ವಾರ ಬರೆಯುವುದೇ ಇಲ್ಲವೆಂದು ತೀರ್ಮಾನಿಸಿ, ದಿನಾಂಕ ಗುರುತು ಹಾಕಿ. ನಡುವೆ ಎಲ್ಲಾದರೂ "ಇದನ್ನು ಬರೀಬೇಕಿತ್ತು" ಎಂದು ಕೈ ತುರಿಸಿತೇ, ಅಥವಾ ಹಗುರವಾಯಿತೇ? ತುರಿಸಿದರೆ ಮತ್ತೆ ಮಾತಿನ ಪರೀಕ್ಷೆಯಿಂದ ಶುರುಮಾಡಿ.

ಹಗುರವಾದರೆ ಅಂಗಡಿ ಮುಚ್ಚುವ ಕೆಲಸವನ್ನು ನೀಟಾಗಿ ಮಾಡಿ. ಅರ್ಧಕ್ಕೆ ನಿಂತವುಗಳಲ್ಲಿ ಜೀವ ಇರುವ ಒಂದನ್ನು ಮುಗಿಸಿ, ಉಳಿದವನ್ನು ಅಳಿಸದೆ ಒಂದೇ ಫೈಲಿಗೆ ಸೇರಿಸಿ. ಎಲ್ಲ ಬರಹಗಳ ನಕಲು ಎರಡು ಬೇರೆ ಬೇರೆ ಕಡೆ ಇರಲಿ, ಒಂದಾದರೂ ಯಾವ ಆ್ಯಪ್‌ನ ಹಂಗೂ ಇಲ್ಲದೆ ತೆರೆಯುವ ಸಾದಾ ಪಠ್ಯದ ರೂಪದಲ್ಲಿರಲಿ. ಕನ್ನಡ ಯೂನಿಕೋಡ್‌ನಲ್ಲಿ ಇದೆಯೇ ಎಂದು ಒಂದು ಸಲ ತೆರೆದು ಖಚಿತ ಮಾಡಿಕೊಳ್ಳಿ. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ.